ಚೈನ್‌ಸಾ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಚೈನ್‌ಸಾಕ್ಕೆ ಮುಖ್ಯವಾಗಿ ಎರಡು ಹೊತ್ತಿನಲ್ಲಿ ಕೆಲಸ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಮನೆಯ ಮಾಡಿನ ಮೇಲೆ ಬಾಗಿದ ಮಾವು ಹಲಸಿನ ಗೆಲ್ಲುಗಳನ್ನು ಸವರುವುದಕ್ಕೆ; ಜೂನ್ ಜುಲೈಯಲ್ಲಿ, ಗಾಳಿಗೆ ಉರುಳಿದ ಮರವನ್ನು ತೋಟದಿಂದಲೋ ದಾರಿಯಿಂದಲೋ ತೆಗೆಯುವುದಕ್ಕೆ. ಉಳಿದ ತಿಂಗಳುಗಳಲ್ಲಿ ಅದು ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲನ್ನು ಇಟ್ಟುಕೊಂಡೇ ಕೊಟ್ಟಿಗೆಯ ಮೂಲೆಯಲ್ಲಿ ಕುಳಿತಿರುತ್ತದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ 'ಇಂಜಿನ್ ಹೋಯಿತು' ಎಂದು ಮೂಲೆಗಿಟ್ಟ ಯಂತ್ರಗಳನ್ನು ಬಿಚ್ಚಿ ನೋಡಿದಾಗ ನನಗೆ ಹೆಚ್ಚಾಗಿ ಕಂಡದ್ದು ಕೆಟ್ಟ ಇಂಜಿನ್ ಅಲ್ಲ. ಕೆಟ್ಟ ಪೆಟ್ರೋಲ್, ಕಟ್ಟಿದ ಫಿಲ್ಟರ್ ಅಥವಾ ಮೊಂಡಾದ ಚೈನ್. ಆದರೆ ಅದಕ್ಕೆ ಮೊದಲೇ ಯಾರೋ ಕಾರ್ಬೊರೇಟರಿನ (ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಭಾಗ) ಸ್ಕ್ರೂಗಳನ್ನು ತಿರುಗಿಸಿ ಬಿಟ್ಟಿರುತ್ತಾರೆ, ಆಮೇಲೆ ಒಂದು ದೋಷದ ಜಾಗದಲ್ಲಿ ಎರಡಾಗುತ್ತದೆ. ಆದ್ದರಿಂದ ಸ್ಕ್ರೂಡ್ರೈವರ್ ಹಿಡಿಯುವುದು ಕೊನೆಯ ಕೆಲಸವಾಗಿರಲಿ.

ಯಾವ ಪರೀಕ್ಷೆಗೂ ಮೊದಲು ಸ್ವಿಚ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತಿಡಬೇಕು. ಚೈನ್ ಮುಟ್ಟುವಾಗ ದಪ್ಪ ಕೈಗವಸು ಬೇಕು. ಇಂಜಿನ್ ನಿಂತಿದ್ದರೂ ಚೈನನ್ನು ಕೈಯಿಂದ ಎಳೆದರೆ ಅದರ ಹಲ್ಲು ಬೆರಳನ್ನು ಕೊಯ್ಯುತ್ತದೆ. ಪೆಟ್ರೋಲಿನ ಕೆಲಸವನ್ನು ಅಡುಗೆ ಒಲೆ, ಅಡಿಕೆ ಬೇಯಿಸುವ ಒಲೆ, ಬೀಡಿ ಇವುಗಳಿಂದ ದೂರದಲ್ಲಿ, ಗಾಳಿಯಾಡುವ ಜಾಗದಲ್ಲಿ, ಇಂಜಿನ್ ತಣ್ಣಗಾದ ಮೇಲೆ ಮಾಡಬೇಕು.

ಎಷ್ಟು ಎಳೆದರೂ ಸ್ಟಾರ್ಟ್ ಆಗುವುದಿಲ್ಲ

ಮೊದಲು ಖರ್ಚಿಲ್ಲದ ಸಂಗತಿಗಳನ್ನು ನೋಡೋಣ. ಸ್ವಿಚ್ ಆನ್ ಇದೆಯೇ, ಪ್ಲಗ್ಗಿನ ಕ್ಯಾಪ್ ಪೂರ್ತಿ ಕುಳಿತಿದೆಯೇ, ಚೋಕ್ ಯಾವ ಸ್ಥಾನದಲ್ಲಿದೆ? ತಣ್ಣಗಿನ ಇಂಜಿನ್‌ಗೆ ಪೂರ್ತಿ ಚೋಕ್ ಹಾಕಿ ಎಳೆಯುವಾಗ ಮೂರು ನಾಲ್ಕನೇ ಎಳೆತಕ್ಕೆ ಒಂದು ಸಣ್ಣ 'ಫಟ್' ಕೇಳಿಸುತ್ತದೆ; ಆ ಸದ್ದು ಬಂದ ಕೂಡಲೇ ಚೋಕನ್ನು ಅರ್ಧಕ್ಕೆ ತರಬೇಕು. ಅದನ್ನು ಗಮನಿಸದೆ ಚೋಕ್‌ನಲ್ಲೇ ಇಪ್ಪತ್ತು ಸಲ ಎಳೆದರೆ ಸಿಲಿಂಡರಿಗೆ ಪೆಟ್ರೋಲ್ ತುಂಬಿ ಪ್ಲಗ್ ನೆನೆಯುತ್ತದೆ. ಆಗ ಪ್ಲಗ್ ಬಿಚ್ಚಿ ಒರೆಸಿ ಒಣಗಿಸಿ, ಸ್ವಿಚ್ ಆಫ್ ಇಟ್ಟು, ಚೋಕ್ ತೆಗೆದು, ಪ್ಲಗ್ಗಿನ ತೂತನ್ನು ಮುಖದಿಂದ ಆಚೆಗೆ ತಿರುಗಿಸಿ ಆರೆಂಟು ಸಲ ಹಗ್ಗ ಎಳೆದರೆ ಹೆಚ್ಚಾದ ಪೆಟ್ರೋಲ್ ಹೊರಗೆ ಚಿಮ್ಮುತ್ತದೆ. ಚೆಲ್ಲಿದ್ದು ಆರಿದ ಮೇಲೆಯೇ ಪ್ಲಗ್ ಕೂರಿಸಿ ಪುನಃ ಪ್ರಯತ್ನಿಸಬೇಕು.

ಪ್ಲಗ್ ಹೊರಗೆ ಬಂದಾಗ ಅದರ ತುದಿಯನ್ನು ಬಿಸಿಲಿಗೆ ಹಿಡಿದು ನೋಡುವುದು ರೂಢಿಯಾಗಬೇಕು. ಹುರಿದ ಕಾಫಿ ಬೀಜವನ್ನು ಹಾಲಲ್ಲಿ ಅದ್ದಿದಂತಹ ತಿಳಿಗಂದು ಬಣ್ಣವಿದ್ದರೆ ಇಂಜಿನ್ ಸರಿಯಾಗಿ ಉರಿಯುತ್ತಿದೆ ಎಂದರ್ಥ. ಕಪ್ಪಗೆ, ಜಿಡ್ಡಾಗಿ, ಒದ್ದೆಯಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಹೆಚ್ಚಾಗಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಗಾಳಿ ಹೆಚ್ಚಾಗಿದೆ. ಇದು ಪಿಸ್ಟನ್ ಸುಡುವ ಮುನ್ಸೂಚನೆ, ಆ ಯಂತ್ರವನ್ನು ಇನ್ನು ಓಡಿಸಬಾರದು. ಪ್ಲಗ್ ಪೂರ್ತಿ ಒಣಗಿದ್ದರೆ ಪೆಟ್ರೋಲ್ ಸಿಲಿಂಡರಿಗೆ ತಲುಪಿಯೇ ಇಲ್ಲ. ಪ್ಲಗ್ಗಿನ ತುದಿಯ ಅಂತರ ಹೆಚ್ಚಿನ ಯಂತ್ರಗಳಲ್ಲಿ 0.5 ಮಿಲಿಮೀಟರ್. ಪ್ಲಗ್ಗನ್ನು ಸಿಲಿಂಡರಿಗೆ ತಾಗಿಸಿ ಕಿಡಿ ನೋಡುವ ಪದ್ಧತಿ ಎಲ್ಲೆಡೆ ಇದೆ, ಆದರೆ ತೆರೆದ ತೂತಿನ ಪಕ್ಕದಲ್ಲಿ ಪೆಟ್ರೋಲ್ ಆವಿ ಇರುವಾಗ ಕಿಡಿ ಹಾರಿಸುವುದು ಅಪಾಯ. ಅದಕ್ಕಿಂತ ಹೊಸ ಪ್ಲಗ್ ಒಂದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬದಲಿಸಿ ನೋಡುವುದು ಒಳ್ಳೆಯದು.

ಇನ್ನು ಪೆಟ್ರೋಲ್. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ಹವೆಯಲ್ಲಿ ಅರ್ಧ ತೊಂದರೆ ಇಲ್ಲಿಂದಲೇ ಬರುತ್ತದೆ. 2023ರಿಂದ ದೇಶದ ಬಂಕುಗಳಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಹಂತಹಂತವಾಗಿ ಬಂದಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರಿನಲ್ಲಿ ಆ ತೇವಕ್ಕೆ ಬರವಿಲ್ಲ. ನೀರು ಒಂದು ಮಿತಿಯನ್ನು ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಟು ಸ್ಟ್ರೋಕ್ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಒಳಗಿನ ಫಿಲ್ಟರ್ ಹೀರುವುದು ತಳದಿಂದ. ಅಂದರೆ ಇಂಜಿನ್‌ಗೆ ಹೋಗುವುದು ಆಯಿಲ್ ಇಲ್ಲದ ದ್ರವ: ಮೊದಲು ಸ್ಟಾರ್ಟ್ ಆಗುವುದಿಲ್ಲ, ಹೇಗೋ ಸ್ಟಾರ್ಟ್ ಆದರೆ ಪಿಸ್ಟನ್ ಗೀರುತ್ತದೆ.

ಪರೀಕ್ಷೆ ಸುಲಭ. ಟ್ಯಾಂಕಿನ ಪೆಟ್ರೋಲನ್ನು ಬಣ್ಣವಿಲ್ಲದ ಗಾಜಿನ ಬಾಟಲಿಗೆ ಸುರಿದು ಕಾಲು ಗಂಟೆ ಅಲುಗಿಸದೆ ಇಡಿ. ತಳದಲ್ಲಿ ಬೇರೆ ಬಣ್ಣದ ಪದರ, ಗುಳ್ಳೆಗಳಂತೆ ಉರುಳುವ ಹನಿ ಅಥವಾ ಹಾಲಿನಂತಹ ಮಬ್ಬು ಕಂಡರೆ ಆ ಪೆಟ್ರೋಲ್ ಯಾವ ಇಂಜಿನ್‌ಗೂ ಬೇಡ. ವಾರ್ನಿಷ್‌ನಂತಹ ಹುಳಿ ವಾಸನೆ ಬಂದರೂ ಅದೇ ತೀರ್ಮಾನ. ಅದನ್ನು ಕೆರೆಯ ಬದಿಗೋ, ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ಬಾಯಿಗೋ ಚೆಲ್ಲಬಾರದು. ನಮ್ಮಲ್ಲಿ ಎಷ್ಟೋ ಮನೆಗಳು ಕುಡಿಯುವುದು ಸುರಂಗದ ನೀರನ್ನೇ. ಹೊಸ ಮಿಶ್ರಣವನ್ನು ಯಂತ್ರದ ಪುಸ್ತಕ ಹೇಳುವ ಪ್ರಮಾಣದಲ್ಲೇ ಮಾಡಬೇಕು: 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದಿದ್ದರೆ 40. ಕಣ್ಣಂದಾಜಿನಲ್ಲಿ 'ಒಂದು ಮುಚ್ಚಳ' ಹಾಕುವುದು, ಬೈಕಿನ ಫೋರ್ ಸ್ಟ್ರೋಕ್ ಆಯಿಲ್ ಸೇರಿಸುವುದು ಎರಡೂ ತಪ್ಪು. ಮಳೆಗಾಲದಲ್ಲಿ ಮಾಡಿದ ಮಿಶ್ರಣವನ್ನು ಎರಡು ಮೂರು ವಾರಕ್ಕಿಂತ ಹೆಚ್ಚು ಇಡದಿರುವುದು ಒಳಿತು, ಬೇಕಾದಷ್ಟೇ ಕಲಸಬೇಕು.

ಹೊಸ ಪೆಟ್ರೋಲ್ ಹಾಕಿದರೂ ಪ್ಲಗ್ ಒಣಗಿಯೇ ಇದ್ದರೆ, ವಕ್ರವಾದ ತಂತಿಯ ಕೊಕ್ಕೆಯಿಂದ ಟ್ಯಾಂಕಿನ ಫಿಲ್ಟರನ್ನು ಬಾಯಿಗೆ ಎಳೆದು ನೋಡಿ. ಕಪ್ಪಾಗಿದ್ದರೆ ಬದಲಿಸಿ, ಬೆಲೆ ಅಲ್ಪ. ಅದರ ರಬ್ಬರ್ ಕೊಳವೆ ಅಂಟಂಟಾಗಿದ್ದರೆ ಅಥವಾ ಬಿರಿದಿದ್ದರೆ ಅದೂ ಎಥನಾಲಿನ ಕೆಲಸ. ಇವೆಲ್ಲ ಸರಿಯಿದ್ದೂ ಪೆಟ್ರೋಲ್ ಏರದಿದ್ದರೆ ಕಾರ್ಬೊರೇಟರಿನ ಒಳಗೆ ಪೆಟ್ರೋಲ್ ಎಳೆಯುವ ತೆಳು ಪೊರೆ, ಡಯಾಫ್ರಾಮ್, ಗಡುಸಾಗಿರಬಹುದು. ಅದು ಬೆರಳಲ್ಲಿ ಮಡಚಿದರೆ ಬಟ್ಟೆಯಂತೆ ಬಾಗಬೇಕು, ಒಣಗಿದ ಹಾಳೆಯ ಪೊರೆಯಂತೆ ಕರಕರ ಎನ್ನಬಾರದು. ರಿಪೇರಿ ಕಿಟ್ ಸಿಗುತ್ತದೆ. ಪದರಗಳ ಕ್ರಮ ತಪ್ಪದಂತೆ ಒಂದೊಂದರ ಫೋಟೋ ತೆಗೆದುಕೊಳ್ಳುತ್ತಾ ಬಿಚ್ಚುವ ತಾಳ್ಮೆಯಿದ್ದರೆ ಮನೆಯಲ್ಲೇ ಮಾಡಬಹುದು, ಇಲ್ಲದಿದ್ದರೆ ವರ್ಕ್‌ಶಾಪಿಗೆ ಕೊಡುವುದೇ ಲೇಸು.

ಸ್ಟಾರ್ಟ್ ಆಗುತ್ತದೆ, ರೇಸ್ ಕೊಟ್ಟರೆ ಸಾಯುತ್ತದೆ

ಐಡಲ್‌ನಲ್ಲಿ (ರೇಸ್ ಕೊಡದಿರುವಾಗ) ಚೆನ್ನಾಗಿ ನಡೆದು, ಆಕ್ಸಿಲೇಟರ್ ಒತ್ತಿದಾಗ ಉಸಿರುಗಟ್ಟಿದಂತೆ ನಿಲ್ಲುವ ಯಂತ್ರಕ್ಕೆ ಹೆಚ್ಚಾಗಿ ಒಂದು ಕಡೆ ಮೂಗು ಕಟ್ಟಿರುತ್ತದೆ, ಒಳಬರುವ ಕಡೆ ಅಥವಾ ಹೊರಹೋಗುವ ಕಡೆ. ಏರ್ ಫಿಲ್ಟರನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಸಂಗತಿ ತಿಳಿಯುತ್ತದೆ. ಒಣ ಹುಡಿಯಾದರೆ ಮೆಲ್ಲನೆ ತಟ್ಟಿದರೆ ಸಾಕು; ಎಣ್ಣೆ ಹಿಡಿದಿದ್ದರೆ ಸಾಬೂನು ನೀರಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಫಿಲ್ಟರ್ ಇಲ್ಲದೆ 'ಒಂದೇ ಮರ ಮುಗಿಸಿಬಿಡೋಣ' ಎಂದು ಓಡಿಸಿದರೆ ಮುರಕಲ್ಲಿನ ಕೆಂಪು ಧೂಳು ನೇರವಾಗಿ ಸಿಲಿಂಡರಿಗೆ ಹೋಗಿ ಅರದಂತೆ ಉಜ್ಜುತ್ತದೆ.

ಫಿಲ್ಟರ್ ಶುದ್ಧವಿದ್ದರೆ ಸೈಲೆನ್ಸರ್ ನೋಡಿ. ಅದರ ಬಾಯಿಯಲ್ಲಿ ಕಿಡಿ ತಡೆಯುವ ಸಣ್ಣ ಜಾಳಿಗೆ ಇರುತ್ತದೆ. ಆಯಿಲ್ ಹೆಚ್ಚಾಗಿ ಬೆರೆಸಿದ ಯಂತ್ರದಲ್ಲಿ ಅದು ಮಸಿಯಿಂದ ಮುಚ್ಚಿಹೋಗುತ್ತದೆ. ನನ್ನದೇ ಯಂತ್ರವೊಂದಕ್ಕೆ ಒಮ್ಮೆ ಒಂದು ವರ್ಕ್‌ಶಾಪಿನಲ್ಲಿ ಹೊಸ ಕಾರ್ಬೊರೇಟರ್ ಹಾಕಿಸಿಕೊಂಡು ಬಂದೆ. ಮನೆಯ ಅಂಗಳದಲ್ಲಿ ಅದೇ ರೋಗ. ಕೊನೆಗೆ ಎರಡು ಸ್ಕ್ರೂ ಬಿಚ್ಚಿ ನೋಡಿದರೆ, ಉಗುರಿನಷ್ಟು ಅಗಲದ ಆ ಜಾಳಿಗೆಯಲ್ಲಿ ಒಂದು ತೂತೂ ತೆರೆದಿರಲಿಲ್ಲ. ತಂತಿ ಬ್ರಶ್ಶಿನಲ್ಲಿ ಐದು ನಿಮಿಷ ಉಜ್ಜಿದ್ದೇ ಔಷಧವಾಯಿತು. ಜಾಳಿಗೆಯನ್ನು ಕಿತ್ತೆಸೆಯುವವರಿದ್ದಾರೆ, ಬೇಸಿಗೆಯ ಒಣ ಹುಲ್ಲಿನ ಗುಡ್ಡದಲ್ಲಿ ಅದು ಬೇಡದ ಧೈರ್ಯ.

ಹದಿನೈದು ಇಪ್ಪತ್ತು ನಿಮಿಷ ಓಡಿ, ಬಿಸಿಯಾದ ಮೇಲೆ ನಿಂತು, ತಣ್ಣಗಾದರೆ ಪುನಃ ಸ್ಟಾರ್ಟ್ ಆಗುವುದು ಬೇರೆ ಲಕ್ಷಣ. ನಿಂತ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಟ್ಯಾಂಕಿನ ಮುಚ್ಚಳವನ್ನು ಬಟ್ಟೆಯಿಂದ ಹಿಡಿದು ನಿಧಾನವಾಗಿ ಸಡಿಲಿಸಿ. 'ಉಸ್' ಎಂದು ಗಾಳಿ ಒಳಗೆ ನುಗ್ಗಿ, ಬಳಿಕ ಯಂತ್ರ ಸರಿಯಾಗಿ ಓಡಿದರೆ ಟ್ಯಾಂಕಿನ ಗಾಳಿದಾರಿ ಮುಚ್ಚಿದೆ. ಬಿಸಿಯಾದ ಇಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿ ಬೆಂಕಿ ಹಿಡಿಯಬಹುದಾದ ಕಾರಣ ಅವಸರದಿಂದ ಮುಚ್ಚಳ ತೆಗೆಯಬಾರದು. ಗಾಳಿದಾರಿ ಸರಿಯಿದ್ದರೆ, ಬಿಸಿಯಾದಾಗ ಮಾತ್ರ ಕಿಡಿ ಕೊಡದ ಇಗ್ನಿಷನ್ ಕಾಯಿಲ್ ಮೇಲೆ ಸಂಶಯ ಪಡಬಹುದು. ಅದನ್ನು ಮನೆಯಲ್ಲಿ ರಿಪೇರಿ ಮಾಡಲಾಗದು, ಬದಲಿಸಬೇಕಷ್ಟೆ.

ಆಕ್ಸಿಲೇಟರ್ ಬಿಟ್ಟರೂ ವೇಗ ಕೂಡಲೇ ಇಳಿಯದೆ, ಇಂಜಿನ್ ಏರುತ್ತಾ ಇಳಿಯುತ್ತಾ ಕೂಗುತ್ತಿದ್ದರೆ ಎಲ್ಲಿಂದಲೋ ಕಳ್ಳಗಾಳಿ ಒಳಬರುತ್ತಿದೆ. ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರ್ ಬಿರಿದಿರಬಹುದು ಅಥವಾ ಕ್ರ್ಯಾಂಕ್‌ನ ಸೀಲ್ ಹೋಗಿರಬಹುದು. ಇದನ್ನು ಸ್ಕ್ರೂ ತಿರುಗಿಸಿ ಮುಚ್ಚಿಹಾಕಬಾರದು. ಇಂಜಿನ್ ಕೂಡಲೇ ನಿಲ್ಲಿಸಿ, ಕಾಸರಗೋಡು ಅಥವಾ ಪುತ್ತೂರಿನಂತಹ ಪೇಟೆಯಲ್ಲಿ ಒತ್ತಡ ಪರೀಕ್ಷೆಯ ಸಾಧನವಿರುವ ವರ್ಕ್‌ಶಾಪಿಗೆ ಕೊಡಬೇಕು.

ಇಂಜಿನ್ ಗಟ್ಟಿ, ಮರ ಮಾತ್ರ ಕಡಿಯುವುದಿಲ್ಲ

ಚೈನ್ ತಿರುಗದೆ ಇಂಜಿನ್ ಮಾತ್ರ ಕೂಗುತ್ತಿದ್ದರೆ ಮೊದಲು ಮುಂದಿನ ಬ್ರೇಕ್ ಹಿಡಿಯನ್ನು ತನ್ನ ಕಡೆಗೆ ಎಳೆದು ನೋಡಬೇಕು. ನಗು ಬರುವ ಮಾತಾದರೂ, ಬ್ರೇಕ್ ಬಿದ್ದಿರುವುದನ್ನು ಮರೆತು ರೇಸ್ ಕೊಟ್ಟು ಕ್ಲಚ್ ಸುಟ್ಟುಕೊಂಡವರು ಕಡಿಮೆಯಿಲ್ಲ.

ಚೈನ್ ತಿರುಗುತ್ತಿದ್ದೂ ಮರ ಕಡಿಯದಿದ್ದರೆ ಬೀಳುವ ಹುಡಿಯನ್ನು ಅಂಗೈಗೆ ತೆಗೆದುಕೊಳ್ಳಿ. ಹರಿತವಾದ ಚೈನ್ ಅಕ್ಕಿಗಿಂತ ದೊಡ್ಡ, ಅಂಚು ಕಾಣುವ ಚಕ್ಕೆಗಳನ್ನು ಎಸೆಯುತ್ತದೆ. ಮೊಂಡಾದದ್ದು ರಾಗಿ ಹಿಟ್ಟಿನಂತಹ ನುಣ್ಣನೆಯ ಹುಡಿ ಉದುರಿಸುತ್ತದೆ, ಯಂತ್ರವನ್ನು ಮರಕ್ಕೆ ಒತ್ತಬೇಕಾಗುತ್ತದೆ, ಕಡಿದ ಜಾಗದಿಂದ ಹೊಗೆ ಬರುತ್ತದೆ. ಆಗ ಇಂಜಿನನ್ನು ಬೈಯುವ ಬದಲು ಅರ ಹಿಡಿಯಬೇಕು. ಅರದ ದಪ್ಪ ಚೈನಿನ ಪಿಚ್ಚಿಗೆ, ಅಂದರೆ ಕೊಂಡಿಗಳ ಅಂತರದ ಇಂಚಿನ ಅಳತೆಗೆ, ತಕ್ಕಂತೆ ಇರಬೇಕು: ಸಣ್ಣ ಯಂತ್ರಗಳ 3/8 ಲೋ ಪ್ರೊಫೈಲ್ (ತಗ್ಗು ಹಲ್ಲಿನ) ಚೈನಿಗೆ 4 ಮಿಲಿಮೀಟರ್, .325 ಪಿಚ್ಚಿನದಕ್ಕೆ 4.8, ದೊಡ್ಡ ಯಂತ್ರಗಳ 3/8 ಚೈನಿಗೆ 5.2 ಮಿಲಿಮೀಟರ್ ದಪ್ಪದ ದುಂಡು ಅರ ಸಾಮಾನ್ಯವಾಗಿ ಹೊಂದುತ್ತದೆ. ಹಲ್ಲಿನ ಮೇಲೆ ಗುರುತಿರುವ ಕೋನದಲ್ಲಿ, ಹೆಚ್ಚಾಗಿ 30 ಡಿಗ್ರಿಯಲ್ಲಿ, ಒಳಗಿನಿಂದ ಹೊರಗೆ ಮಾತ್ರ ತಳ್ಳಬೇಕು. ಹಿಂದಕ್ಕೆ ಎಳೆಯುವಾಗ ಅರ ತಾಗಬಾರದು. ಪ್ರತಿ ಹಲ್ಲಿಗೂ ಲೆಕ್ಕ ಒಂದೇ ಇರಲಿ. ಬಲಗೈಯವರು ಒಂದು ಬದಿಯ ಹಲ್ಲುಗಳನ್ನು ಹೆಚ್ಚು ಮಸೆದುಬಿಡುತ್ತಾರೆ. ಆಮೇಲೆ ಗರಗಸ ನೇರ ಇಳಿಯದೆ ಒಂದು ಕಡೆಗೆ ವಾಲುತ್ತಾ ಹೋಗುತ್ತದೆ. ಕಡಿತ ವಾಲುವುದಕ್ಕೆ ಇನ್ನೊಂದು ಕಾರಣ ಬಾರಿನ (ಚೈನ್ ಸುತ್ತುವ ಉದ್ದನೆಯ ಲೋಹದ ಹಲಗೆ) ತೋಡು ಸವೆದಿರುವುದು: ನೇರವಾದ ಪಟ್ಟಿಯೊಂದನ್ನು ಒಂದು ಹಲ್ಲಿಗೂ ಬಾರಿನ ಬದಿಗೂ ಒತ್ತಿ ಹಿಡಿದಾಗ ಪಟ್ಟಿಗೂ ಬಾರಿಗೂ ನಡುವೆ ಸಂದು ಉಳಿದರೆ ಬಾರ್ ಚೆನ್ನಾಗಿದೆ, ಚೈನ್ ವಾಲಿ ಸಂದು ಮುಚ್ಚಿಹೋದರೆ ಬಾರ್ ಮುಗಿಯಿತು.

ಹಲವು ಸಲ ಮಸೆದ ಮೇಲೆ ಹಲ್ಲು ಎಷ್ಟು ಆಳ ಕಚ್ಚಬೇಕೆಂದು ತಡೆಯುವ ಅದರ ಮುಂದಿನ ಗೂಟ ಎತ್ತರವಾಗಿ ಉಳಿದು ಹಲ್ಲು ಮರಕ್ಕೆ ತಾಗುವುದೇ ಇಲ್ಲ. ಅದು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ಕೆಳಗಿರಬೇಕು. ಅಳತೆಯ ತಗಡು ಇಟ್ಟು ಚಪ್ಪಟೆ ಅರದಿಂದ ತಗ್ಗಿಸಬೇಕು. ಬೇಗ ಕಡಿಯಲೆಂದು ಇನ್ನೂ ತಗ್ಗಿಸಿದರೆ ಗರಗಸ ಮರವನ್ನು ಕಚ್ಚಿ ಎಳೆಯುತ್ತದೆ, ಬಾರಿನ ಮೂತಿ ಮುಖದ ಕಡೆಗೆ ಚಿಮ್ಮುವ ಅಪಾಯ ಹೆಚ್ಚುತ್ತದೆ.

ನಮ್ಮ ಮರಗಳು ಚೈನಿಗೆ ಕರುಣೆ ತೋರುವುದಿಲ್ಲ. ತೆಂಗಿನ ಹೊರಮೈ ಕಲ್ಲಿನಂತೆ ಗಟ್ಟಿ, ಒಳಗೆ ನಾರು. ಆ ನಾರು ಸ್ಪ್ರಾಕೆಟ್ಟಿನ (ಚೈನನ್ನು ತಿರುಗಿಸುವ ಹಲ್ಲಿನ ಚಕ್ರ) ಮುಚ್ಚಳದೊಳಗೆ ಸುತ್ತಿಕೊಂಡು ಚೈನನ್ನೇ ಬಿಗಿಯುತ್ತದೆ. ಹಳೆಯ ರಬ್ಬರ್ ಮರದಲ್ಲಿ ಹಾಲಿನ ಗೆರಟೆ ನಿಲ್ಲಿಸಿದ ತಂತಿ, ಹಾಲು ಹರಿಯಲು ಬಡಿದ ತಗಡಿನ ತುಂಡು ತೊಗಟೆಯ ಒಳಗೆ ಹೂತಿರುತ್ತದೆ. ಗಡಿಬೇಲಿಯ ಮರದಲ್ಲಿ ಮುಳ್ಳುತಂತಿ. ಒಂದು ಮೊಳೆಗೆ ತಾಗಿದರೆ ಸಾಕು, ಒಂದು ಬದಿಯ ಹಲ್ಲೆಲ್ಲ ಹೋಗುತ್ತದೆ. ಟ್ಯಾಪಿಂಗ್ ಮಾಡಿದ ಎತ್ತರವನ್ನು ಬಿಟ್ಟು ಕಡಿಯುವುದು, ಬಿದ್ದ ಮರದ ಮಣ್ಣನ್ನು ಕತ್ತಿಯಲ್ಲಿ ಕೆರೆದು ತೆಗೆಯುವುದು ಅರದ ಕೆಲಸವನ್ನು ಅರ್ಧ ಉಳಿಸುತ್ತದೆ.

ಚೈನ್ ಬಿಸಿಯಾಗುತ್ತದೆ, ಸಡಿಲವಾಗುತ್ತದೆ, ಕಳಚುತ್ತದೆ

ಎಣ್ಣೆ ಬರುತ್ತಿದೆಯೇ ಎಂದು ತಿಳಿಯಲು ಬಾರಿನ ಮೂತಿಯನ್ನು ಹಳೆಯ ಪತ್ರಿಕೆಯೊಂದರ ಮೇಲೆ ಗೇಣು ಎತ್ತರದಲ್ಲಿ ಹಿಡಿದು ಅರ್ಧ ರೇಸ್ ಕೊಡಬೇಕು. ಕೆಲವೇ ಕ್ಷಣಗಳಲ್ಲಿ ಕಾಗದದ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ಬಾರ್ ಬಿಚ್ಚಿ, ಅದರ ಎಣ್ಣೆಯ ತೂತನ್ನೂ ತೋಡನ್ನೂ ತೆಳ್ಳಗಿನ ಕಡ್ಡಿಯಿಂದ ಕೆರೆದು ತೆಗೆಯಿರಿ. ಹತ್ತರಲ್ಲಿ ಎಂಟು ಸಲ ಇಷ್ಟರಲ್ಲೇ ಮುಗಿಯುತ್ತದೆ. ಆಗಲೂ ಬಾರದಿದ್ದರೆ ಪಂಪಿನ ದೋಷ. ಕಾರಿನಿಂದ ತೆಗೆದ ಕರಿ ಆಯಿಲ್ ಹಾಕುವುದು ಅಗ್ಗವೆನಿಸಿದರೂ ಅದರಲ್ಲಿರುವ ಲೋಹದ ಪುಡಿ ಪಂಪನ್ನು ಸವೆಸುತ್ತದೆ, ಚಿಮ್ಮಿದ್ದೆಲ್ಲ ತೋಟದ ಮಣ್ಣಿಗೆ ಸೇರುತ್ತದೆ. ತೆಂಗಿನೆಣ್ಣೆ ಹಾಕಿ ಕೆಲಸ ಸಾಗಿಸಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ: ಒಂದು ಹೊತ್ತಿಗೆ ಆದೀತು, ಆದರೆ ಟ್ಯಾಂಕಿನಲ್ಲಿ ಬಿಡಬೇಡಿ, ಡಿಸೆಂಬರಿನ ಬೆಳಗ್ಗೆ ಅದು ಗಟ್ಟಿಯಾಗಿ ಕುಳಿತಿರುತ್ತದೆ.

ಚೈನಿನ ಬಿಗಿತವನ್ನು ತಣ್ಣಗಿರುವಾಗ, ಬಾರಿನ ಮೂತಿಯನ್ನು ಮೇಲಕ್ಕೆ ಎತ್ತಿ ಹಿಡಿದು ಸರಿಪಡಿಸಬೇಕು. ಕೆಳಗೆ ಜೋಲದೆ, ಕೈಗವಸಿನ ಕೈಯಿಂದ ಎಳೆದರೆ ಸರಾಗವಾಗಿ ಓಡುವಷ್ಟು ಬಿಗಿ ಸಾಕು. ಕೆಲಸದ ನಡುವೆ ಬಿಸಿಯಾದ ಚೈನನ್ನು ಬಿಗಿದರೆ, ಕೆಲಸ ಮುಗಿದ ಮೇಲೆ ಸಡಿಲಿಸಿ ಇಡಲು ಮರೆಯಬಾರದು. ತಣ್ಣಗಾಗಿ ಕುಗ್ಗಿದ ಚೈನ್ ಬಾರನ್ನೂ ಕ್ರ್ಯಾಂಕಿನ ಬೇರಿಂಗನ್ನೂ ಹಿಂಡುತ್ತದೆ. ಬಿಗಿ ಸರಿಯಿದ್ದೂ ಕಳಚುತ್ತಿದ್ದರೆ ಸ್ಪ್ರಾಕೆಟ್ ಸವೆದಿರಬಹುದು. ಪ್ರತಿ ಸಲ ಮಸೆದಾಗ ಬಾರನ್ನು ಮೇಲೆಕೆಳಗೆ ತಿರುಗಿಸಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತದೆ.

ರೇಸ್ ಬಿಟ್ಟರೂ ಚೈನ್ ಓಡುತ್ತದೆ, ಬ್ರೇಕ್ ಹಿಡಿಯುವುದಿಲ್ಲ

ಇಲ್ಲಿ ಕೆಲಸ ನಿಲ್ಲಿಸಬೇಕು, ಎರಡು ಮಾತಿಲ್ಲ. ಐಡಲ್‌ನಲ್ಲಿ ಚೈನ್ ಕದಲಬಾರದು. ಐಡಲ್ ಸ್ಕ್ರೂ ಒಂದನ್ನು ಮಾತ್ರ, ಕಾಲು ಸುತ್ತು ತಗ್ಗಿಸಿ ನೋಡಬಹುದು. ಆಗಲೂ ಓಡಿದರೆ ಕ್ಲಚ್ಚಿನ ಸ್ಪ್ರಿಂಗ್ ಮುರಿದಿರಬಹುದು. ಬ್ರೇಕ್ ಪರೀಕ್ಷೆಗೆ ಯಂತ್ರವನ್ನು ನೆಲದಲ್ಲಿಟ್ಟು, ಎರಡೂ ಕೈಯಿಂದ ಹಿಡಿದು ರೇಸ್ ಕೊಟ್ಟು, ಎಡಗೈ ಮಣಿಕಟ್ಟಿನಿಂದ ಬ್ರೇಕನ್ನು ಮುಂದಕ್ಕೆ ದೂಡಿ ಕೂಡಲೇ ರೇಸ್ ಬಿಡಬೇಕು. ಚೈನ್ ತಟ್ಟನೆ ನಿಲ್ಲಬೇಕು, ಜಾರುತ್ತಾ ನಿಲ್ಲಬಾರದು. ಮುಚ್ಚಳದೊಳಗಿನ ಹುಡಿ ಕಸ ತೆಗೆದ ಮೇಲೂ ಹಿಡಿಯದಿದ್ದರೆ ಬ್ರೇಕಿನ ಪಟ್ಟಿ ಸವೆದಿದೆ. ಅಂತಹ ಯಂತ್ರವನ್ನು ಕೂಲಿಗೆ ಬಂದವರ ಕೈಗೆ ಕೊಡುವುದು ಅನ್ಯಾಯ.

ಹಗ್ಗ ತೀರಾ ಹಗುರ, ಅಥವಾ ಎಳೆಯಲೇ ಆಗುವುದಿಲ್ಲ

ಯಂತ್ರವನ್ನು ಸ್ಟಾರ್ಟರ್ ಹಿಡಿಯಿಂದ ತೂಗಿ ಹಿಡಿದಾಗ ಅದು ತಡೆತಡೆದು ಇಳಿದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಇದೆ. ಸರ್ರನೆ ಜಾರಿದರೆ ಇಲ್ಲ. ಸೈಲೆನ್ಸರ್ ಬಿಚ್ಚಿ, ಆ ತೂತಿನಿಂದ ಟಾರ್ಚ್ ಹಾಕಿ ಪಿಸ್ಟನ್ ನೋಡಿದರೆ ಉದ್ದುದ್ದ ಗೀರುಗಳು ಕಾಣಬಹುದು. ಅದು ಆಯಿಲ್ ಇಲ್ಲದೆ ಓಡಿದ ಕತೆ. ಹಗ್ಗ ಕದಲದೇ ಇದ್ದರೆ ಮೊದಲು ಪ್ಲಗ್ ಬಿಚ್ಚಿ, ಆಮೇಲೆ ಬಾರ್ ಚೈನ್ ತೆಗೆದು ಪುನಃ ಎಳೆಯಿರಿ. ಆಗ ಬಂದರೆ ದೋಷ ಹೊರಗಿದೆ, ಬಾರದಿದ್ದರೆ ಪಿಸ್ಟನ್ ಕಚ್ಚಿಕೊಂಡಿರಬಹುದು. ಪಿಸ್ಟನ್ ಸಿಲಿಂಡರ್ ಬದಲಿಸುವ ಖರ್ಚು ಅಗ್ಗದ ಯಂತ್ರದ ಬೆಲೆಯ ಹತ್ತಿರ ಬಂದರೆ ರಿಪೇರಿಯ ಮೋಹ ಬಿಡುವುದು ಜಾಣತನ.

ಮರ ಹತ್ತುವ ಹಗ್ಗ, ಬೆಲ್ಟ್, ದೋಟಿ

ಇವು ಸದ್ದು ಮಾಡಿ ಕೆಡುವುದಿಲ್ಲ, ಆದ್ದರಿಂದ ಹತ್ತುವ ಮೊದಲು ಕೈಯಿಂದಲೇ ಓದಬೇಕು. ಹಗ್ಗವನ್ನು ಬರಿ ಬೆರಳುಗಳ ನಡುವೆ ಮೊಳಮೊಳವಾಗಿ ಎಳೆಯುತ್ತಾ ಹೋದಾಗ ಎಲ್ಲೋ ಮೆತ್ತಗೆ, ಎಲ್ಲೋ ತೆಳ್ಳಗೆ, ಎಲ್ಲೋ ಕರಗಿ ಗಾಜಿನಂತೆ ನುಣ್ಣಗೆ ತಾಗಿದರೆ ಒಳಗಿನ ಎಳೆ ಹೋಗಿದೆ. ರಬ್ಬರ್ ಇರುವ ಮನೆಗಳಿಗೆ ಒಂದು ವಿಶೇಷ ಎಚ್ಚರಿಕೆ: ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ ನೈಲಾನನ್ನು ಕರಗಿಸುತ್ತದೆ. ಶೀಟ್ ಮಾಡುವ ಕೋಣೆಯಲ್ಲಿ ನೈಲಾನ್ ಹಗ್ಗ, ಬೆಲ್ಟ್ ತೂಗುಹಾಕಬಾರದು. ಆಸಿಡ್ ತಾಗಿದ ಸಂಶಯ ಬಂದರೂ ಅದನ್ನು ನಂಬಬಾರದು. ತೆಂಗು ಹತ್ತುವ ಯಂತ್ರದ ಉಕ್ಕಿನ ಹಗ್ಗದಲ್ಲಿ ಒಂದು ಎಳೆ ಮುರಿದು ಮುಳ್ಳಿನಂತೆ ನಿಂತಿದ್ದರೂ ಹಗ್ಗ ಬದಲಿಸಬೇಕು. ಮರದ ಮೇಲೆ ಚೈನ್‌ಸಾ ಬಳಸುವವರಿಗೆ ಮೈಯನ್ನು ಮರಕ್ಕೆ ಬಿಗಿಯುವ ಎರಡು ಕಟ್ಟು ಇರಬೇಕು, ಅದರಲ್ಲಿ ಒಂದು ಒಳಗೆ ಉಕ್ಕಿನ ತಂತಿ ಇರುವಂಥದ್ದು. ಒಂದೇ ಕೈಯಲ್ಲಿ ಯಂತ್ರ ಹಿಡಿದು ಕಡಿಯುವುದಂತೂ ಬೇಡವೇ ಬೇಡ.

ಈಗ ತೋಟಗಳಲ್ಲಿ ಬಳಕೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರ, ಆದರೆ ಅದು ವಿದ್ಯುತ್ತನ್ನು ಹರಿಸುತ್ತದೆ. ಬಿದಿರಿನ ದೋಟಿಯ ಅಭ್ಯಾಸದಲ್ಲಿ ಲೈನಿನ ಹತ್ತಿರ ಅದನ್ನು ಎತ್ತಬಾರದು. ದೋಟಿಯ ಗರಗಸಕ್ಕೆ ಸಿಕ್ಕುವ ಗೆಲ್ಲು ಲೈನಿನ ಕಡೆಗೆ ಬೀಳುವಂತಿದ್ದರೆ ವಿದ್ಯುತ್ ದೂರಿನ ಸಂಖ್ಯೆ 1912ಕ್ಕೆ ಕರೆ ಮಾಡಿ, ಲೈನ್ ಆಫ್ ಮಾಡಿಸಿದ ಮೇಲೆಯೇ ಕೆಲಸ. ದೋಟಿಯ ಕೂಡಿಕೆಗಳ ಬಳಿ ಕೂದಲೆಳೆಯ ಬಿರುಕು ಕಂಡರೆ ಟೇಪು ಸುತ್ತಿ ಮುಂದುವರಿಸಬಾರದು.

ತಳ್ಳಿಹಾಕಿದ ಹಗ್ಗವನ್ನು ಹಾಗೆಯೇ ಅಟ್ಟಕ್ಕೆ ಎಸೆದರೆ ಮುಂದಿನ ವರ್ಷ ಯಾರಾದರೊಬ್ಬರು ಅದನ್ನೇ ಸೊಂಟಕ್ಕೆ ಕಟ್ಟಿಕೊಂಡು ಮರ ಹತ್ತಿಯಾರು. ಅದನ್ನು ಆ ದಿನವೇ ಎರಡೆರಡು ಮಾರಿನ ತುಂಡುಗಳಾಗಿ ಕತ್ತರಿಸಿ ದನ ಕಟ್ಟಲು ಕೊಟ್ಟುಬಿಡಿ.